ಸುತ್ತಿಗೆ ಬೀಳುವ ಮೊದಲು: ಪುಣೆಯಲ್ಲಿ ಕಾರಿನ ನೆಗ್ಗು ತೆಗೆಸಲು, ವಿಮೆಯ ಹಣ ಪಡೆಯಲು ಒಂದು ಸಮಗ್ರ ಮಾರ್ಗದರ್ಶಿ

ಕಳೆದ ಮಳೆಗಾಲದ ಒಂದು ಸಂಜೆ ಕೋಥರೂಡಿನ ತರಕಾರಿ ಅಂಗಡಿಯಿಂದ ಹೊರಬಂದಾಗ ನನ್ನ ಕಾರಿನ ಎಡಗಡೆಯ ಹಿಂಬಾಗಿಲು ಒಳಕ್ಕೆ ಕುಸಿದಿತ್ತು. ಅಂಗೈ ಅಗಲದ ನೆಗ್ಗು. ಹಿಂದಕ್ಕೆ ತೆಗೆಯುತ್ತಿದ್ದ ಟೆಂಪೊದ ಮೂಲೆ ತಗುಲಿತೆಂದು ಅಂಗಡಿಯವರು ಹೇಳಿದರು. ಟೆಂಪೊ ಅಷ್ಟರಲ್ಲಿ ಹೋಗಿಯಾಗಿತ್ತು, ಅದರ ನಂಬರನ್ನು ಯಾರೂ ನೋಡಿರಲಿಲ್ಲ. ಓಣಿಯ ಮೂಲೆಯ ಗ್ಯಾರೇಜಿನವನು ನೋಡಿ, "ಗಾಡಿ ಇಟ್ಟು ಹೋಗಿ, ನಾಳೆ ಸಂಜೆಗೆ ಸಿದ್ಧ" ಎಂದ. ಧಾರವಾಡದಿಂದ ಫೋನಿನಲ್ಲಿ ಮಾತನಾಡಿದ ಭಾವ, "ವರ್ಷವರ್ಷ ವಿಮೆ ಕಟ್ಟುತ್ತೀಯಲ್ಲ, ಕ್ಲೇಮ್ ಮಾಡಿಬಿಡು" ಎಂದರು.

ನಮ್ಮ ಸೊಸೈಟಿಯಲ್ಲಿ ಗದಗಿನ ಕಡೆಯ ಹಿರಿಯರೊಬ್ಬರಿದ್ದಾರೆ. ವಾಹನ ವಿಮೆಯ ಸರ್ವೇಯರ್ ಆಗಿ, ಅಂದರೆ ಹಾನಿಯನ್ನು ನೋಡಿ ಅಂದಾಜು ಮಾಡುವವರಾಗಿ, ದುಡಿದು ನಿವೃತ್ತರಾದವರು, ನಮಗೆಲ್ಲ ಕಾಕಾ. ಅವರು ಕೆಳಗಿಳಿದು ಬಂದು, ಕನ್ನಡಕ ಹಣೆಗೇರಿಸಿ, ನೆಗ್ಗಿನ ಅಂಚಿನ ಮೇಲೆ ಹೆಬ್ಬೆರಳನ್ನು ನಿಧಾನವಾಗಿ ಎಳೆದರು. "ಬಣ್ಣ ಒಡೆದಿಲ್ಲ ತಮ್ಮಾ. ಸುತ್ತಿಗೆ ಬೀಳುವ ಮೊದಲು ಲೆಕ್ಕ ಹಾಕು" ಎಂದರು. ಅಂದು ಅವರ ಊಟದ ಮೇಜಿನ ಮೇಲೆ ಹಾಕಿದ ಲೆಕ್ಕ ಮತ್ತು ಆಮೇಲೆ ಎರಡು ಬಾರಿ ವಿಮೆಯ ಕಡತ ಹಿಡಿದು ಓಡಾಡಿ ಕಲಿತದ್ದು ಈ ಬರಹದಲ್ಲಿವೆ. ಇಲ್ಲಿ ನೆಲೆಸಿರುವ ನಮ್ಮವರು ಇದೇ ಒಂದು ಹೆಜ್ಜೆಯಲ್ಲಿ ಎಡವಿ ಸಾವಿರಾರು ರೂಪಾಯಿ ಕಳೆದುಕೊಳ್ಳುವುದನ್ನು ನೋಡಿ ನೋಡಿ ಬರೆಯುತ್ತಿದ್ದೇನೆ.

ಮೊದಲ ಅರ್ಧ ಗಂಟೆ

ಯಾರಿಗಾದರೂ ಪೆಟ್ಟಾಗಿದ್ದರೆ ಕಾರಿನ ಮಾತು ಆಮೇಲೆ. 108ಕ್ಕೆ ಆಂಬುಲೆನ್ಸ್, 112ಕ್ಕೆ ಪೊಲೀಸರು. ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು, ವಿಮೆ ಕಂಪನಿಗೆ ಮಾಹಿತಿ ಕೊಡುವುದು, ಇವೆಲ್ಲ 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಚಾಲಕನ ಕರ್ತವ್ಯ. ಬರೀ ತಗಡು ನೆಗ್ಗಿದ್ದರೆ, ಯಾರಿಗೂ ನೋವಾಗಿರದಿದ್ದರೆ, ಸಾಮಾನ್ಯವಾಗಿ ಎಫ್‌ಐಆರ್ ಬೇಕಾಗುವುದಿಲ್ಲ.

ಕಾರನ್ನು ಸರಿಸುವ ಮೊದಲು ಫೋಟೊ ತೆಗೆಯಿರಿ. ನಾಲ್ಕೂ ಮೂಲೆಗಳಿಂದ ಒಂದೊಂದು, ನಂಬರ್ ಪ್ಲೇಟ್ ಕಾಣುವಂತೆ. ನೆಗ್ಗಿನದು ಹತ್ತಿರದಿಂದ ಎರಡು, ಅಳತೆ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯ ಹಿಡಿದು. ರಸ್ತೆ, ಅಂಗಡಿಯ ಫಲಕ, ಎದುರಿನ ವಾಹನ, ಅದರ ನಂಬರ್. ಟ್ರಾಫಿಕ್ ನಿಂತಿದ್ದರೆ ಇಷ್ಟನ್ನು ಒಂದು ನಿಮಿಷದಲ್ಲಿ ಮುಗಿಸಿ ಪಕ್ಕಕ್ಕೆ ಸರಿಯಿರಿ. ಮಳೆಗಾಲದಲ್ಲಿ ಪುಣೆಯ ಹಳೆಯ ಬೀದಿಗಳಲ್ಲಿ ಮರ ಬೀಳುವುದು ಹೊಸ ಸಂಗತಿಯಲ್ಲ. ಕೊಂಬೆ ಕಾರಿನ ಮೇಲೆ ಬಿದ್ದಿದ್ದರೆ ಅಗ್ನಿಶಾಮಕ ದಳದವರು ಕತ್ತರಿಸುವ ಮೊದಲೇ, ಕೊಂಬೆ ಮೇಲಿರುವಾಗಲೇ ಫೋಟೊ ಇರಲಿ. ಆಮೇಲೆ ಚಾವಣಿಯ ನೆಗ್ಗು ಎಲ್ಲಿಂದ ಬಂತೆಂದು ಮಾತಿನಲ್ಲಿ ವಿವರಿಸುವ ಕಷ್ಟ ತಪ್ಪುತ್ತದೆ.

ರಸ್ತೆಯ ಬದಿಯಲ್ಲಿ ಜನ ಸೇರಿ "ನೀನೇ ತಪ್ಪು ಮಾಡಿದ್ದೀಯ, ಇಷ್ಟು ಕೊಡು" ಎಂದು ಒತ್ತಾಯಿಸಿದರೆ ತಪ್ಪೊಪ್ಪಿಗೆ ಬರೆದುಕೊಡಬೇಡಿ, ಹಣ ಕೊಡುವ ಮಾತನ್ನೂ ಆಡಬೇಡಿ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳುವಂತಿಲ್ಲ ಎಂಬುದು ಪಾಲಿಸಿಯ ಷರತ್ತಿನಲ್ಲೇ ಇದೆ.

ಎದುರಿನವನದೇ ತಪ್ಪಾಗಿದ್ದರೆ? ಅವನ ವಿಮೆಯಿಂದ ನಮ್ಮ ತಗಡಿನ ಖರ್ಚು ಪಡೆಯುವ ದಾರಿ ಇದೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಇತರರ ಆಸ್ತಿಗೆ ಆದ ಹಾನಿಗೆ ಸಾಮಾನ್ಯವಾಗಿ ₹7.5 ಲಕ್ಷದವರೆಗೆ ರಕ್ಷಣೆ ಇರುತ್ತದೆ. ಆದರೆ ಅದಕ್ಕೆ ಪೊಲೀಸ್ ದಾಖಲೆ ಬೇಕು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕು. ಒಂದು ಬಾಗಿಲಿನ ನೆಗ್ಗಿಗಾಗಿ ಯಾರೂ ಹತ್ತುವುದಿಲ್ಲ. 2022ರ ನವೆಂಬರ್‌ನಲ್ಲಿ ನವಲೆ ಸೇತುವೆಯ ಬಳಿ ಒಂದು ಭಾರೀ ವಾಹನ ಇಳಿಜಾರಿನಲ್ಲಿ ನುಗ್ಗಿ ಹತ್ತಾರು ವಾಹನಗಳು ಜಜ್ಜಿಹೋದವು. ಅಂಥ ಕಡೆ ಯಾರು ಯಾರಿಗೆ ಗುದ್ದಿದರೆಂದು ವಾದಿಸುತ್ತ ಕೂರುವುದಕ್ಕಿಂತ ತಂತಮ್ಮ ಸ್ವಂತ ಹಾನಿ ವಿಮೆಯಲ್ಲಿ (ತಮ್ಮದೇ ಕಾರಿಗೆ ಆದ ಹಾನಿಯ ವಿಮೆ) ಕ್ಲೇಮ್ ಮಾಡುವುದೇ ಬೇಗ ಮುಗಿಯುವ ದಾರಿ.

ನೆಗ್ಗನ್ನು ಓದಿ

ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯಿಂದ ಮೃದುವಾಗಿ ಧೂಳು ಒರೆಸಿ, ಬೆಳಕು ಓರೆಯಾಗಿ ಬೀಳುವ ಕಡೆ ನಿಂತು ನೋಡಿ. ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಬಣ್ಣ ಒಡೆದಿದೆಯೇ? ನೆಗ್ಗು ಬಟ್ಟಲಿನಂತೆ ದುಂಡಾಗಿದೆಯೇ, ಮಡಿಸಿದ ಕಾಗದದಂತೆ ಗೆರೆ ಬಿದ್ದಿದೆಯೇ? ಅದು ಪ್ಯಾನೆಲ್‌ನ ನಡುವೆ ಇದೆಯೇ, ಅಂಚಿನಲ್ಲಿದೆಯೇ?

ಬಣ್ಣ ಒಡೆಯದ, ದುಂಡನೆಯ, ನಡುವಿನ ನೆಗ್ಗು ಅದೃಷ್ಟದ ನೆಗ್ಗು. ಬಣ್ಣ ಬಳಿಯದೆಯೇ ಒಳಗಿನಿಂದ ತಳ್ಳಿ ಎತ್ತಬಹುದು. ಈ ವಿಧಾನಕ್ಕೆ ಗ್ಯಾರೇಜಿನಲ್ಲಿ ಪಿಡಿಆರ್ ಎನ್ನುತ್ತಾರೆ. ಗೆರೆ ಬಿದ್ದಿದ್ದರೆ, ಅಂಚು ಮಡಚಿದ್ದರೆ, ಬಣ್ಣ ಚಕ್ಕೆಯೆದ್ದಿದ್ದರೆ ಡೆಂಟಿಂಗ್ ಮತ್ತು ಪೇಂಟಿಂಗ್ ಎರಡೂ ಬೇಕು. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅದರ ದಾರಿಯೇ ಬೇರೆ: ಬಿಸಿ ಗಾಳಿ ಕೊಟ್ಟರೆ ಎಷ್ಟೋ ಬಾರಿ ಹಳೆಯ ಆಕಾರಕ್ಕೆ ಮರಳುತ್ತದೆ, ಹರಿದಿದ್ದರೆ ಬದಲಾಯಿಸಬೇಕಾಗುತ್ತದೆ.

ಬರಿಯ ಲೋಹ ಹೊಳೆಯುತ್ತಿದ್ದರೆ ತಡ ಮಾಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ಗಾಳಿಯಲ್ಲಿ ತೇವ ತುಂಬಿರುತ್ತದೆ, ಕೊಂಕಣಕ್ಕೋ ಗೋವಾಕ್ಕೋ ಒಮ್ಮೆ ಹೋಗಿ ಬಂದರಂತೂ ಉಪ್ಪು ಗಾಳಿ ತನ್ನ ಕೆಲಸ ಮಾಡಿರುತ್ತದೆ. ಸರ್ವೇ ಆಗುವವರೆಗೆ ಒಂದು ಪಾರದರ್ಶಕ ಟೇಪ್ ಅಂಟಿಸಿದರೆ ಸಾಕು. ಬಣ್ಣ ಹಚ್ಚಬೇಡಿ.

ಇಲ್ಲಿನ ಗ್ಯಾರೇಜಿನ ಭಾಷೆಯನ್ನೂ ತಿಳಿದಿರಿ. ನೆಗ್ಗಿಗೆ ಮರಾಠಿಯಲ್ಲಿ 'ಪೋಚಾ' ಎನ್ನುತ್ತಾರೆ, ತಗಡಿಗೆ 'ಪತ್ರಾ'. "ಪತ್ರಾ ಬದಲಾಯಿಸಬೇಕು" ಎಂದರೆ ಇಡೀ ಪ್ಯಾನೆಲ್ ಹೊಸದು ಹಾಕಬೇಕು ಎಂದರ್ಥ. ಅಲ್ಲಿ ತಲೆಯಾಡಿಸುವ ಮೊದಲು, ಇದ್ದುದನ್ನೇ ಸರಿಮಾಡಲು ಏಕೆ ಆಗುವುದಿಲ್ಲ ಎಂದು ಕೇಳಿ. ಕಾರ್ಖಾನೆಯ ವೆಲ್ಡಿಂಗ್ ಇರುವ ಪ್ಯಾನೆಲ್ಲನ್ನು ಕತ್ತರಿಸುವುದು ಕೊನೆಯ ಉಪಾಯ.

ಕ್ಲೇಮ್ ಮಾಡಬೇಕೇ, ಕೈಯಿಂದ ಕೊಡಬೇಕೇ

ಇದು ಈ ಬರಹದ ಹೃದಯ. ಪಾಲಿಸಿಯ ಪತ್ರವನ್ನು ಎದುರಿಗಿಟ್ಟುಕೊಂಡು ಓದಿ.

ಮೊದಲು ನೋಡಬೇಕಾದದ್ದು ನಿಮ್ಮಲ್ಲಿ ಸ್ವಂತ ಹಾನಿಯ ರಕ್ಷಣೆ ಇದೆಯೇ ಎಂಬುದು. ಬರೀ ಥರ್ಡ್ ಪಾರ್ಟಿ ಪಾಲಿಸಿ, ಅಂದರೆ ಇತರರಿಗೆ ಆದ ಹಾನಿಗೆ ಮಾತ್ರದ ವಿಮೆ, ಇದ್ದರೆ ನಿಮ್ಮ ತಗಡಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಹೊಸ ಕಾರಿನ ಜೊತೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಬಂದಿರುತ್ತದೆ, ಸ್ವಂತ ಹಾನಿಯದನ್ನು ವರ್ಷ ಮುಗಿದ ಮೇಲೆ ಬೇರೆ ಕಂಪನಿಯಿಂದ ಕೊಂಡಿರಬಹುದು. ಆಗ ಕರೆ ಮಾಡಬೇಕಾದದ್ದು ಎರಡನೆಯ ಕಂಪನಿಗೆ.

ಇನ್ನು ಕಡಿತಗಳು, ಅಂದರೆ ಕಂಪನಿ ಕೊಡದೆ ನಿಮ್ಮ ಕೈಯಿಂದಲೇ ಹೋಗುವ ಹಣ. ಕಡ್ಡಾಯ ಕಡಿತ 1500 ಸಿಸಿವರೆಗಿನ ಕಾರಿಗೆ ₹1,000, ಅದಕ್ಕಿಂತ ದೊಡ್ಡ ಎಂಜಿನ್ನಿಗೆ ₹2,000, ಪ್ರತಿ ಕ್ಲೇಮಿಗೂ. ಪ್ರೀಮಿಯಂ ಇಳಿಸಲೆಂದು ಸ್ವಯಂಪ್ರೇರಿತ ಕಡಿತ ಒಪ್ಪಿಕೊಂಡಿದ್ದರೆ ಅದೂ ಸೇರುತ್ತದೆ. ಆಮೇಲೆ ಸವಕಳಿ, ಅಂದರೆ ಬಳಸಿ ಹಳೆಯದಾದ ಭಾಗಕ್ಕೆ ಬೆಲೆ ಇಳಿಸಿ ಲೆಕ್ಕ ಹಾಕುವುದು. ಬದಲಾಯಿಸಿದ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಅರ್ಧದಷ್ಟೇ ಕೊಡುತ್ತಾರೆ. ಫೈಬರ್ ಗ್ಲಾಸಿಗೆ 30 ಶೇಕಡಾ ಕಡಿತ. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸು ನೋಡುತ್ತಾರೆ: ಆರು ತಿಂಗಳವರೆಗೆ ಏನೂ ಇಲ್ಲ, ಒಂದು ವರ್ಷದವರೆಗೆ 5, ಎರಡು ವರ್ಷದವರೆಗೆ 10, ಮೂರಕ್ಕೆ 15, ನಾಲ್ಕಕ್ಕೆ 25, ಐದಕ್ಕೆ 35, ಹತ್ತರವರೆಗೆ 40, ಆಮೇಲೆ 50 ಶೇಕಡಾ. ಬಣ್ಣದ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿಯ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಡಿಯುತ್ತಾರೆ. ಕೂಲಿಗೆ ಸವಕಳಿ ಇಲ್ಲ. ಹೀಗಾಗಿ ನೆಗ್ಗೆತ್ತಿ ಬಣ್ಣ ಹಚ್ಚುವ ಕೆಲಸದಲ್ಲಿ ಕಡಿತ ಕಡಿಮೆ, ಭಾಗಗಳನ್ನು ಬದಲಾಯಿಸಿದಾಗ ಹೆಚ್ಚು.

ಝೀರೊ ಡಿಪ್ರಿಸಿಯೇಷನ್ ಎಂಬ ಹೆಚ್ಚುವರಿ ರಕ್ಷಣೆ (ಆಡ್-ಆನ್) ಕೊಂಡಿದ್ದರೆ ಈ ಸವಕಳಿ ಇರುವುದಿಲ್ಲ, ಕಡ್ಡಾಯ ಕಡಿತ ಮತ್ತು ಒಪ್ಪಿಕೊಂಡಿದ್ದರೆ ಸ್ವಯಂಪ್ರೇರಿತ ಕಡಿತ ಮಾತ್ರ ಉಳಿಯುತ್ತವೆ. ವರ್ಷಕ್ಕೆ ಎಷ್ಟು ಕ್ಲೇಮಿಗೆ ಅದು ಅನ್ವಯಿಸುತ್ತದೆಂದು ಪಾಲಿಸಿಯಲ್ಲೇ ಓದಿಕೊಳ್ಳಿ. ಹಲವು ಪಾಲಿಸಿಗಳಲ್ಲಿ ಎರಡಕ್ಕೇ ನಿಲ್ಲುತ್ತದೆ.

ಕೊನೆಯದು ನೋ ಕ್ಲೇಮ್ ಬೋನಸ್. ಎಲ್ಲರೂ ಮರೆಯುವುದು ಇದನ್ನೇ. ಕ್ಲೇಮ್ ಇಲ್ಲದ ವರ್ಷಗಳಿಗೆ ಸ್ವಂತ ಹಾನಿ ಪ್ರೀಮಿಯಂನಲ್ಲಿ ಕ್ರಮವಾಗಿ 20, 25, 35, 45, 50 ಶೇಕಡಾ ರಿಯಾಯಿತಿ ಸಿಗುತ್ತದೆ. ಒಂದೇ ಒಂದು ಕ್ಲೇಮ್ ಮಾಡಿದರೆ ಮುಂದಿನ ನವೀಕರಣದಲ್ಲಿ ಅದು ಸೊನ್ನೆಗೆ ಇಳಿಯುತ್ತದೆ, ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕು.

ಕಾಕಾ ನನ್ನ ಕಾರಿಗೆ ಹಾಕಿದ ಲೆಕ್ಕ ಹೀಗಿತ್ತು. ಬೋನಸ್ ಕಳೆಯುವ ಮೊದಲಿನ ಸ್ವಂತ ಹಾನಿ ಪ್ರೀಮಿಯಂ ₹9,000. ಈಗ ಬೋನಸ್ 35. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ 45, ಆಮೇಲೆ 50ರಲ್ಲಿ ನಿಲ್ಲುತ್ತಿತ್ತು. ಕ್ಲೇಮ್ ಮಾಡಿದರೆ 0, 20, 25, 35, 45 ಎಂದು ಸಾಗುತ್ತದೆ. ವ್ಯತ್ಯಾಸ ಮೊದಲ ವರ್ಷ 45, ಮುಂದೆ 30, 25, 15, 5. ಕೂಡಿಸಿದರೆ 120 ಶೇಕಡಾ. ಐದು ವರ್ಷಗಳಲ್ಲಿ ಕೈಬಿಡುವ ಹಣ ₹10,800! ವರ್ಷ ಕಳೆದಂತೆ ಕಾರಿನ ಮೌಲ್ಯದ ಜೊತೆ ಪ್ರೀಮಿಯಂ ಇಳಿಯುವುದರಿಂದ ನಿಜವಾದ ಮೊತ್ತ ಸ್ವಲ್ಪ ಕಡಿಮೆ ಇರುತ್ತದೆ, ಆದರೆ ತಕ್ಕಡಿ ಯಾವ ಕಡೆ ತೂಗುತ್ತದೆಂದು ತಿಳಿಯಲು ಇಷ್ಟು ಸಾಕು. ಈಗ 50ರಲ್ಲಿರುವವರಿಗೆ ಇದು 125 ಶೇಕಡಾ, 20ರಲ್ಲಿರುವವರಿಗೆ 80.

ನನ್ನ ಬಾಗಿಲಿಗೆ ಡೆಂಟಿಂಗ್ ₹3,000, ಪೇಂಟಿಂಗ್ ₹4,000 ಎಂದು ಒಬ್ಬರು ಅಂದಾಜು ಕೊಟ್ಟಿದ್ದರು. ಬಣ್ಣದಲ್ಲಿ ₹500 ಸವಕಳಿ, ₹1,000 ಕಡ್ಡಾಯ ಕಡಿತ. ಬರುವುದು ₹5,500. ಅದಕ್ಕಾಗಿ ₹10,800 ಬಿಡಬೇಕು. ಕ್ಲೇಮ್ ಮಾಡಲಿಲ್ಲ.

ಇನ್ನೊಂದು ಉದಾಹರಣೆ ನೋಡಿ, ಅದೇ ಕಾರು, ವಯಸ್ಸು ಮೂರೂವರೆ ವರ್ಷ. ಮುಂದಿನ ಬಂಪರ್ ₹6,000, ಫೆಂಡರ್ (ಚಕ್ರದ ಮೇಲಿನ ತಗಡು) ₹4,000, ಪ್ಲಾಸ್ಟಿಕ್ ಹೆಡ್‌ಲ್ಯಾಂಪ್ ₹5,000, ಬಣ್ಣ ₹8,000, ಕೂಲಿ ₹2,500. ಒಟ್ಟು ₹25,500. ಬಂಪರಿನಲ್ಲಿ 3,000, ಫೆಂಡರಿನಲ್ಲಿ 1,000, ಹೆಡ್‌ಲ್ಯಾಂಪಿನಲ್ಲಿ 2,500, ಬಣ್ಣದಲ್ಲಿ 1,000 ಸವಕಳಿ ಮತ್ತು ಕಡ್ಡಾಯದ 1,000 ಕಳೆದರೆ ಕಂಪನಿ ₹17,000 ಕೊಡುತ್ತದೆ. ಬೋನಸ್ ನಷ್ಟ ಕಳೆದರೂ ಆರು ಸಾವಿರದಷ್ಟು ಲಾಭ. ಝೀರೊ ಡಿಪ್ರಿಸಿಯೇಷನ್ ಇದ್ದರೆ ಯೋಚಿಸುವ ಅಗತ್ಯವೇ ಇಲ್ಲ. ಬೋನಸ್ ರಕ್ಷಣೆಯ ಆಡ್-ಆನ್ ಇದ್ದರೂ ಈ ಲೆಕ್ಕ ಬದಲಾಗುತ್ತದೆ.

ಹಳೆಯ ನೆಗ್ಗುಗಳನ್ನೆಲ್ಲ ಒಂದೇ ಕ್ಲೇಮಿಗೆ ಸೇರಿಸಿ ಎಂದು ಸಲಹೆ ಕೊಡುವವರು ಬಹಳ ಮಂದಿ. ಕೇಳಬೇಡಿ. ಒಂದು ಘಟನೆಗೆ ಒಂದು ಕ್ಲೇಮ್, ಅದು ನಿಯಮ. ಹಳೆಯ ಗೀರಿನೊಳಗೆ ಧೂಳು ಕೂತಿರುತ್ತದೆ, ಬಿರುಕಿನ ತಳದಲ್ಲಿ ಕಂದು ತುಕ್ಕು ಇರುತ್ತದೆ, ಗೀರಿನ ದಿಕ್ಕು ಬೇರೆ ಇರುತ್ತದೆ. ಮೂವತ್ತು ವರ್ಷ ಇದನ್ನೇ ನೋಡಿದ ಕಣ್ಣಿಗೆ ಒಂದು ನಿಮಿಷ ಸಾಕು ಎಂದು ಕಾಕಾ ಹೇಳುತ್ತಾರೆ. ಸುಳ್ಳು ಹೇಳಿಕೆ ಸಿಕ್ಕಿಬಿದ್ದರೆ ನಿಜವಾದ ಹಾನಿಯ ಹಣವೂ ಹೋಗುತ್ತದೆ.

ಕ್ಲೇಮ್ ದಾಖಲಿಸುವುದು

ಮಾಡುವುದೆಂದು ನಿರ್ಧರಿಸಿದ ಮೇಲೆ ಅಂದೇ ಕಂಪನಿಯ ಸಹಾಯವಾಣಿಗೋ ಆ್ಯಪಿನಲ್ಲೋ ತಿಳಿಸಿ ಕ್ಲೇಮ್ ಸಂಖ್ಯೆ ಬರೆದುಕೊಳ್ಳಿ. ಆರ್‌ಸಿ, ಪಾಲಿಸಿ, ಆ ಹೊತ್ತಿನಲ್ಲಿ ಓಡಿಸುತ್ತಿದ್ದವರ ಚಾಲನಾ ಪರವಾನಗಿ, ಗುರುತಿನ ದಾಖಲೆ, ಗ್ಯಾರೇಜಿನ ಅಂದಾಜು ಪಟ್ಟಿ ಸಿದ್ಧವಿರಲಿ. ಕ್ಲೇಮ್ ಫಾರಂನಲ್ಲಿ ಘಟನೆ ಬರೆಯುವ ಜಾಗ ಚಿಕ್ಕದಿರುತ್ತದೆ. ಆದದ್ದನ್ನು ಆದಂತೆಯೇ ಬರೆಯಿರಿ: ದಿನ, ಹೊತ್ತು, ಜಾಗ, ಯಾವ ಕಡೆಯಿಂದ ಏನು ತಗುಲಿತು. ಮಗಳು ಓಡಿಸುತ್ತಿದ್ದರೆ ಮಗಳ ಹೆಸರೇ ಇರಲಿ. ಪರವಾನಗಿ ಇರುವ ಬೇರೆಯವರು ಓಡಿಸಿದ್ದು ತಪ್ಪಲ್ಲ, ಹೆಸರು ಬದಲಿಸುವುದು ತಪ್ಪು.

ಇಲ್ಲಿ ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಮೂರು ಮಾತುಗಳಿವೆ. ಕೆಎ 25, ಕೆಎ 22 ನಂಬರಿನ ಕಾರು ಪುಣೆಯಲ್ಲಿ ನೆಗ್ಗಿದರೂ ವಿಮೆ ಸಿಗುತ್ತದೆ, ಪಾಲಿಸಿ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಆದರೆ ವಿಳಾಸ ಧಾರವಾಡದ್ದೋ ಬೆಳಗಾವಿಯದೋ ಆಗಿದ್ದರೆ ಪತ್ರಗಳು ಅಲ್ಲಿಗೇ ಹೋಗುತ್ತವೆ, ಆದ್ದರಿಂದ ಪಾಲಿಸಿಯಲ್ಲಿ ವಿಳಾಸವನ್ನೂ ಮೊಬೈಲ್ ಸಂಖ್ಯೆಯನ್ನೂ ತಿದ್ದಿಸಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ಇಟ್ಟುಕೊಳ್ಳುವುದಾದರೆ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ನಂಬರ್ ಪಡೆಯಬೇಕು. ಎಂಎಚ್ 12 ಬಂದ ಕೂಡಲೇ ಕಂಪನಿಗೂ ತಿಳಿಸಿ.

ಎರಡನೆಯದು ಹಳೆಯ ಕಾರು ಕೊಂಡವರಿಗೆ. ಪಿಂಪ್ರಿಯಲ್ಲಿ ಕೆಲಸ ಮಾಡುವ ಸ್ನೇಹಿತರೊಬ್ಬರು ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು ಪಾಲಿಸಿಯನ್ನು ಹಳೆಯ ಮಾಲೀಕನ ಹೆಸರಿನಲ್ಲೇ ಬಿಟ್ಟಿದ್ದರು. ಕ್ಲೇಮ್ ನಿಂತಿತು. ವರ್ಗಾವಣೆಯಾದ 14 ದಿನಗಳೊಳಗೆ ವಿಮೆ ಕಂಪನಿಗೆ ಅರ್ಜಿ ಕೊಡಬೇಕು. ಹಳೆಯ ಮಾಲೀಕನ ಬೋನಸ್ ನಿಮಗೆ ಬರುವುದಿಲ್ಲ, ಅದು ವ್ಯಕ್ತಿಯದು, ಕಾರಿನದಲ್ಲ. ಮೂರನೆಯದು, ಹೊರಗಡೆ ಹಾಕಿಸಿದ ಸಿಎನ್‌ಜಿ ಕಿಟ್ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ದಾಖಲಾಗಿರಬೇಕು. ಇಲ್ಲದಿದ್ದರೆ ಬಾಗಿಲಿನ ನೆಗ್ಗಿಗೂ ತಕರಾರು ಬರಬಹುದು.

ಕಾರು ಓಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಎಳೆಸಿಕೊಂಡು ಹೋಗಿ. ಮಳೆನೀರು ನುಗ್ಗಿದ್ದರೆ ಎಂಜಿನ್ ಚಾಲೂ ಮಾಡಲೇಬೇಡಿ. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ನೀರು ನುಗ್ಗಿ ಕಾರುಗಳು ಮುಳುಗಿದವು. ಅಂಥ ಹೊತ್ತಿನಲ್ಲಿ ಕೀಲಿ ತಿರುಗಿಸಿ ಎಂಜಿನ್ ಕೆಟ್ಟರೆ, ಎಂಜಿನ್ ರಕ್ಷಣೆಯ ಆಡ್-ಆನ್ ಇಲ್ಲದವರಿಗೆ ಆ ಖರ್ಚು ಸಿಗುವುದು ಬಲು ಕಷ್ಟ.

ಸರ್ವೇ ಆಗುವವರೆಗೆ ಕೈ ಹಚ್ಚಬೇಡಿ

ನಮ್ಮ ಪಕ್ಕದ ಕಟ್ಟಡದ ಅಕ್ಕ ಒಬ್ಬರು ಹಬ್ಬಕ್ಕೆ ಊರಿಗೆ ಹೋಗುವ ಅವಸರದಲ್ಲಿ ಕಾರನ್ನು ಗ್ಯಾರೇಜಿಗೆ ಕೊಟ್ಟು, ಕ್ಲೇಮನ್ನು ಮರುದಿನ ದಾಖಲಿಸಿದರು. ಸರ್ವೇಯರ್ ಬಂದಾಗ ಫೆಂಡರ್ ತಟ್ಟಿ ಪುಟ್ಟಿ ಹಚ್ಚಿಯಾಗಿತ್ತು. ನೋಡಲು ಹಾನಿಯೇ ಉಳಿದಿರಲಿಲ್ಲ. ಕ್ಲೇಮ್ ತಿರಸ್ಕಾರವಾಯಿತು. ತಪ್ಪು ಯಾರದೆಂದು ಕೇಳಿದರೆ ಗ್ಯಾರೇಜಿನವರು ಅಕ್ಕನನ್ನೇ ತೋರಿಸಿದರು. ಗಾಡಿ ಒಪ್ಪಿಸುವಾಗ ಗ್ಯಾರೇಜಿನವರು ಬರೆದುಕೊಡುವ ಕಾಗದದಲ್ಲೇ 'ಸರ್ವೇ ಆಗುವವರೆಗೆ ಕೆಲಸ ಆರಂಭಿಸಬಾರದು' ಎಂದು ಬರೆಸಿ.

ಸಣ್ಣ ಹಾನಿಗಳಿಗೆ ಹಲವು ಕಂಪನಿಗಳು ಮೊಬೈಲ್ ವಿಡಿಯೊ ಮೂಲಕವೇ ಸರ್ವೇ ಮುಗಿಸುತ್ತವೆ. ಸರ್ವೇಯರ್ ಖುದ್ದಾಗಿ ಬರುವುದಾದರೆ ಆ ಹೊತ್ತಿಗೆ ನೀವೂ ಗ್ಯಾರೇಜಿನಲ್ಲಿ ಇರಿ, ಅರ್ಧ ದಿನದ ರಜೆ ಹಾಕಿದರೂ ನಷ್ಟವಿಲ್ಲ. ಯಾವ ಭಾಗ ಬದಲಾವಣೆ, ಯಾವುದು ದುರಸ್ತಿ ಎಂಬ ತೀರ್ಮಾನ ಆಗುವುದು ಅಲ್ಲಿಯೇ, ಹತ್ತು ನಿಮಿಷದಲ್ಲಿ. ಗ್ಯಾರೇಜಿನವರಿಗೆ ಬದಲಾಯಿಸುವ ಆಸೆ, ಕಂಪನಿಗೆ ದುರಸ್ತಿಯ ಆಸೆ. ನಿಮ್ಮ ಕಾರಿಗೆ ಯಾವುದು ಒಳ್ಳೆಯದೆಂದು ಕೇಳಬೇಕಾದವರು ನೀವೊಬ್ಬರೇ. ಬಂಪರಿನ ಕ್ಲಿಪ್ ಮುರಿದಿದ್ದರೆ, ಹೆಡ್‌ಲ್ಯಾಂಪಿನ ಹಿಂಬದಿಯ ಕಾಲು ಮುರಿದಿದ್ದರೆ ಬೆರಳಿಟ್ಟು ತೋರಿಸಿ. ಬಂಪರ್ ಬಿಚ್ಚಿದ ಮೇಲೆ ಒಳಗೆ ಹೊಸ ಹಾನಿ ಕಂಡರೆ ಕೆಲಸ ನಿಲ್ಲಿಸಿ ಮರುಸರ್ವೇ ಕೇಳಬಹುದು. ಸರ್ವೇ ವರದಿಯ ಪ್ರತಿಯನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ದುರಸ್ತಿಯ ಖರ್ಚು ಕಾರಿನ ಘೋಷಿತ ಮೌಲ್ಯದ (ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ) 75 ಶೇಕಡಾ ಮೀರಿದರೆ ಕಾರನ್ನು ಪೂರ್ಣ ನಷ್ಟವೆಂದು ಹಿಡಿಯುತ್ತಾರೆ, ಬರೀ ನೆಗ್ಗಿನಲ್ಲಿ ಆ ಮಾತು ಬರುವುದಿಲ್ಲ.

ಕಂಪನಿಯ ಜಾಲದಲ್ಲಿರುವ ಗ್ಯಾರೇಜಾದರೆ ನಗದುರಹಿತ: ಕಂಪನಿ ತನ್ನ ಪಾಲನ್ನು ನೇರವಾಗಿ ಅವರಿಗೆ ಕೊಡುತ್ತದೆ, ಉಳಿದದ್ದು ನಿಮ್ಮದು. ಹೊರಗಿನ ಗ್ಯಾರೇಜಾದರೆ ಮೊದಲು ನೀವು ಕೊಟ್ಟು ಜಿಎಸ್‌ಟಿ ಬಿಲ್ ಸಲ್ಲಿಸಿ ಪಡೆಯಬೇಕು. ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ಹಳೆಯ ಮಾದರಿಗಳಿಗೂ ಭಾಗ ಸಿಗುತ್ತದೆ, ಕೈಯಿಂದ ಕೊಡುವವರಿಗೆ ಅದು ವರದಾನ. ಬಿಲ್ ಇಲ್ಲದ ಭಾಗವನ್ನು ಮಾತ್ರ ಕ್ಲೇಮಿನಲ್ಲಿ ತೋರಿಸಲಾಗದು.

ಗ್ಯಾರೇಜಿನೊಳಗೆ

ನನ್ನ ಬಾಗಿಲನ್ನು ಪಿಡಿಆರ್ ಮಾಡುವವರ ಬಳಿ ಒಯ್ದೆ. ಮೂವತ್ತರ ಆಸುಪಾಸಿನ ಯುವಕ, ಮಾತು ಕಡಿಮೆ. ಬಾಗಿಲಿನ ಪಕ್ಕ ಕಪ್ಪು ಬಿಳಿ ಪಟ್ಟೆಗಳ ಒಂದು ಬೆಳಕಿನ ಹಲಗೆ ನಿಲ್ಲಿಸಿದ. ಬಣ್ಣದ ಮೇಲೆ ಆ ಪಟ್ಟೆಗಳ ಪ್ರತಿಬಿಂಬ ಮೂಡಿತು. ಚಪ್ಪಟೆ ಇರುವಲ್ಲಿ ನೆಟ್ಟಗೆ, ನೆಗ್ಗಿನ ಬಳಿ ಸುಳಿಯಂತೆ ಬಾಗಿ. ಕಿಟಕಿಯ ಗಾಜು ಇಳಿಸಿ, ಸಂದಿಯಿಂದ ತುದಿ ಬಾಗಿದ ಉಕ್ಕಿನ ಸರಳನ್ನು ಒಳಗೆ ಬಿಟ್ಟ. ಕಣ್ಣು ಪ್ರತಿಬಿಂಬದ ಮೇಲೆ, ಕೈ ಸರಳಿನ ಮೇಲೆ. ಒಂದೊಂದು ಒತ್ತಿಗೂ ಒಂದೊಂದು ಗೆರೆ ಕೂದಲೆಳೆಯಷ್ಟು ನೆಟ್ಟಗಾಗುತ್ತಿತ್ತು. ಅಂಚಿನಿಂದ ಆರಂಭಿಸಿ ನಡುವಿಗೆ ಬಂದ. ಎಲ್ಲೋ ಒಂದು ಕಡೆ ಹೆಚ್ಚು ಉಬ್ಬಿದರೆ ಪ್ಲಾಸ್ಟಿಕ್ ತುದಿಯ ಕಡ್ಡಿಯಿಟ್ಟು ಮೆಲ್ಲಗೆ ತಟ್ಟಿ ಕೂರಿಸಿದ. ಒಂದೂವರೆ ಗಂಟೆಯಲ್ಲಿ ಪಟ್ಟೆಗಳೆಲ್ಲ ನೆಟ್ಟಗಾದವು. ಕಾರ್ಖಾನೆಯ ಬಣ್ಣ ಹಾಗೆಯೇ ಉಳಿಯಿತು. ₹2,200 ಕೊಟ್ಟು ಬಂದೆ.

ಬಣ್ಣದ ಕೆಲಸವಾದರೆ ಹಂತಗಳನ್ನು ತಿಳಿದಿರಬೇಕು. ಮೊದಲು ತಗಡನ್ನು ಎಳೆದು, ತಟ್ಟಿ ಆದಷ್ಟು ಮೂಲ ಆಕಾರಕ್ಕೆ ತರಬೇಕು. ಉಳಿದ ಕೂದಲೆಳೆಯ ಏರುಪೇರಿಗೆ ಮಾತ್ರ ಪುಟ್ಟಿ. ಅವಸರದ ಡೆಂಟರ್ ತಗಡನ್ನು ಅರ್ಧ ಎತ್ತಿ ಉಳಿದದ್ದನ್ನು ಪುಟ್ಟಿಯಿಂದ ತುಂಬುತ್ತಾನೆ. ಅಂದು ನೋಡಲು ಚೆಂದ, ಎರಡು ಬೇಸಿಗೆ ಕಳೆದರೆ ಬಿರುಕು. ಅದಕ್ಕೇ ಪುಟ್ಟಿ ಹಚ್ಚುವ ಮೊದಲು ಒಂದು ಫೋಟೊ ಕಳಿಸಲು ಹೇಳಿ. ಆಮೇಲೆ ವಾಟರ್ ಪೇಪರ್‌ನಿಂದ ಉಜ್ಜುವುದು, ಪ್ರೈಮರ್, ಬಣ್ಣ, ಮೇಲೆ ಕ್ಲಿಯರ್ ಕೋಟ್. ಬಣ್ಣದ ಸಂಕೇತ ಬಾಗಿಲಿನ ಕಂಬದ ಮೇಲೋ ಎಂಜಿನ್ ಕೋಣೆಯಲ್ಲೋ ಇರುವ ಫಲಕದಲ್ಲಿರುತ್ತದೆ, ಅದರ ಫೋಟೊ ಕೊಡಿ. ಮೆಟಾಲಿಕ್ ಅಥವಾ ಪರ್ಲ್ ಬಣ್ಣವಾದರೆ ಪಕ್ಕದ ಪ್ಯಾನೆಲ್ಲಿಗೂ ಸ್ವಲ್ಪ ಹರಡಿ ಬೆರೆಸದೆ ಹೊಂದುವುದಿಲ್ಲ. ಮಳೆಗಾಲದಲ್ಲಿ ಬಯಲಿನಲ್ಲಿ ಬಣ್ಣ ಸಿಂಪಡಿಸುವ ಗ್ಯಾರೇಜಿಗೆ ಕೊಡಲೇಬೇಡಿ. ತೇವದಿಂದ ಮೇಲೆ ಬಿಳಿಚಿದ ಮಬ್ಬು ಕೂರುತ್ತದೆ. ಮುಚ್ಚಿದ ಬೂತ್, ಸುಮಾರು 60 ಡಿಗ್ರಿಯಲ್ಲಿ ಒಣಗಿಸುವ ವ್ಯವಸ್ಥೆ ಇದೆಯೇ ಎಂದು ಕಣ್ಣಾರೆ ನೋಡಿ.

ಕಾರು ಮರಳಿ ಪಡೆಯುವಾಗ

ಹಗಲಿನಲ್ಲಿ ಪಡೆಯಿರಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಲ್ಲ ಬಣ್ಣವೂ ಒಂದೇ. ಬಿಸಿಲಿಗೆ ತಂದು ಹತ್ತು ಹೆಜ್ಜೆ ದೂರ ನಿಂತು ಹೊಸ ಪ್ಯಾನೆಲ್ಲನ್ನೂ ಹಳೆಯದನ್ನೂ ಹೋಲಿಸಿ. ಪ್ಯಾನೆಲ್‌ಗಳ ನಡುವಿನ ಸಂದು ಮೇಲಿನಿಂದ ಕೆಳಗೆ ಒಂದೇ ಅಗಲ ಇರಬೇಕು. ಬಾಗಿಲು ಮುಚ್ಚುವ ಸದ್ದು ಎರಡೂ ಕಡೆ ಒಂದೇ ಇರಬೇಕು. ತೆಳು ಬಟ್ಟೆ ಸುತ್ತಿದ ಫ್ರಿಜ್ ಅಯಸ್ಕಾಂತವನ್ನು ದುರಸ್ತಿಯಾದ ಉಕ್ಕಿನ ಪ್ಯಾನೆಲ್ ಮೇಲೆ ಸರಿಸಿ ನೋಡಿ, ಹಿಡಿತ ಬಿಟ್ಟಲ್ಲಿ ಪುಟ್ಟಿ ದಪ್ಪವಾಗಿದೆ. ಪಾರ್ಕಿಂಗ್ ಸೆನ್ಸರ್, ಇಂಡಿಕೇಟರ್, ಹೆಡ್‌ಲ್ಯಾಂಪಿನ ಬೆಳಕು ಬೀಳುವ ಎತ್ತರ ಪರೀಕ್ಷಿಸಿ. ಮುಂದಿನ ಗಾಜಿನಲ್ಲಿ ಕ್ಯಾಮೆರಾ ಇರುವ ಕಾರಾದರೆ ಗಾಜು ಬದಲಾಯಿಸಿದ ಮೇಲೆ ಅದನ್ನು ಹೊಂದಿಸಿದ ದಾಖಲೆ ಕೇಳಿ.

ಇವೆಲ್ಲ ಸರಿಯಿದ್ದರೆ ಮಾತ್ರ ಕೆಲಸ ಒಪ್ಪಿಗೆಯಾಗಿದೆ ಎಂಬ ತೃಪ್ತಿ ಪತ್ರಕ್ಕೆ ಸಹಿ. ಕಾರು ನೋಡುವ ಮೊದಲೇ ಮೇಜಿನ ಮೇಲೆ ಆ ಕಾಗದ ಮುಂದಿಡುವುದು ರೂಢಿ, "ಮೊದಲು ಗಾಡಿ ನೋಡುತ್ತೇನೆ" ಎಂದು ಎದ್ದು ಹೋಗಿ. ಬಿಲ್, ಕಂಪನಿ ಎಷ್ಟು ಕೊಡುತ್ತದೆಂಬ ಪತ್ರ, ಕೆಲಸದ ಗ್ಯಾರಂಟಿ, ಮೂರನ್ನೂ ಕಡತಕ್ಕೆ ಸೇರಿಸಿ. ಹೊಸ ಬಣ್ಣಕ್ಕೆ ಕೆಲವು ವಾರ ವ್ಯಾಕ್ಸ್ ಬೇಡ.

ಕ್ಲೇಮ್ ನಿಂತರೆ

ತಿರಸ್ಕಾರವನ್ನಾಗಲಿ ಕಡಿತವನ್ನಾಗಲಿ ಬಾಯಿಮಾತಿನಲ್ಲಿ ಒಪ್ಪಬೇಡಿ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ಕೇಳಿ. ನನ್ನ ಎರಡನೆಯ ಕ್ಲೇಮಿನಲ್ಲಿ ಹೆಡ್‌ಲ್ಯಾಂಪನ್ನು ಪಟ್ಟಿಯಿಂದ ಬಿಟ್ಟಿದ್ದರು. ಅಪಘಾತದ ಜಾಗದಲ್ಲೇ ತೆಗೆದ ಫೋಟೊದಲ್ಲಿ ಅದರ ಮುರಿದ ಕಾಲು ಕಾಣುತ್ತಿತ್ತು. ಫೋಟೊ ಲಗತ್ತಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿದ ಒಂದು ವಾರದಲ್ಲಿ ಸೇರಿಸಿದರು. ಹೆಚ್ಚಿನವು ಈ ಹಂತದಲ್ಲೇ ಮುಗಿಯುತ್ತವೆ.

ಮುಗಿಯದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ದೂರು ದಾಖಲಿಸಬಹುದು, 155255ಕ್ಕೆ ಕರೆಯನ್ನೂ ಮಾಡಬಹುದು. ಕಂಪನಿಗೆ ದೂರು ಕೊಟ್ಟು 30 ದಿನಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಿ. ಪುಣೆಯಲ್ಲೂ ಮುಂಬೈಯಲ್ಲೂ ಅವರ ಕಚೇರಿಗಳಿವೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ₹50 ಲಕ್ಷದವರೆಗಿನ ವಿವಾದಗಳನ್ನು ನೋಡುತ್ತಾರೆ. ದೂರಿನ ಜೊತೆ ಪಾಲಿಸಿ, ಕ್ಲೇಮ್ ಸಂಖ್ಯೆ, ಸರ್ವೇ ವರದಿ, ಕಂಪನಿಯ ಉತ್ತರ ಮತ್ತು ಮೊದಲ ಅರ್ಧ ಗಂಟೆಯಲ್ಲಿ ತೆಗೆದ ಆ ಫೋಟೊಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಕೊಡಿ.